ಹನ್ನೊಂದು ಗಂಟೆಗೆ ಜಾರುವ ಸೆಟ್ಟು

ಮೂವತ್ತು ವರ್ಷ ಊರವರ ತಕ್ಕಡಿ ಪರೀಕ್ಷೆ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮುಳ್ಳು ಯಾವ ಕಡೆ ವಾಲಿದರೂ ತಪ್ಪು ಎದುರಿನವರದೇ ಎಂದು ಅವನ ಮನಸ್ಸು ಮೊದಲೇ ತೀರ್ಪು ಬರೆದಿಟ್ಟಿರುತ್ತದೆ. ನಾನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಸಂತೆಯೊಳಕ್ಕೆ ನಾನು ಕಾಲಿಟ್ಟರೆ ಈರುಳ್ಳಿಯವನ ಕೈ ತಾನಾಗಿ ಇನ್ನೆರಡು ಈರುಳ್ಳಿಯನ್ನು ತಟ್ಟೆಗೆ ಹಾಕುತ್ತಿತ್ತು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು; ಕಾಯಿಲೆಯನ್ನು ಮಾತ್ರ ಯಾರೂ ಬಿಡಿಸಿಕೊಳ್ಳಲಿಲ್ಲ. ಅದು ನನ್ನ ಜೊತೆ ಮನೆಗೆ ಬಂತು. ಹಾಗೆ ನೋಡಿದರೆ ಮನೆಗೆ ಅದು ಹೊಸದೇನಲ್ಲ. ಮದುವೆಯಾದ ಹೊಸದರಲ್ಲೇ ಒಂದು ದಿನ ನನ್ನ ತಟ್ಟೆಯ ಮುದ್ದೆಯನ್ನೂ ನಮ್ಮಪ್ಪನ ತಟ್ಟೆಯ ಮುದ್ದೆಯನ್ನೂ ತೂಗಿ, ನನ್ನದು ಇಪ್ಪತ್ತು ಗ್ರಾಂ ಕಡಿಮೆಯಿದೆ ಎಂದು ಹೆಂಡತಿ ಜಯಮ್ಮನಿಗೆ ತಿಳಿಸಿದ್ದೆ. ಅವಳು ಅದನ್ನು ಇವತ್ತಿನವರೆಗೂ ಮರೆತಿಲ್ಲ.

ನಮ್ಮ ಮನೆ ಇರುವುದು ಕೆ.ಆರ್. ಪೇಟೆಯಲ್ಲಿ, ಜಮೀನಿರುವುದು ಹೇಮಗಿರಿಯ ಕಡೆ, ನಾಲೆಯ ಏರಿಯ ಕೆಳಗಿನ ತಗ್ಗಿನಲ್ಲಿ. ಆ ತಗ್ಗಿಗೆ ನೀರು ಬರುತ್ತದೆ, ನವಿಲು ಬರುತ್ತದೆ, ಮೊಬೈಲಿನ ಸಿಗ್ನಲ್ಲು ಮಾತ್ರ ಬರುವುದಿಲ್ಲ. ನಿವೃತ್ತನಾದ ಮೇಲೆ ಬೆಳಿಗ್ಗೆ ಹೋದರೆ ಊಟದ ಹೊತ್ತಿನವರೆಗೂ ನಾನು ಅಲ್ಲೇ. ಬದುಕಿದ್ದೀನೋ ಇಲ್ಲವೋ ಎಂದು ಜಯಮ್ಮನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅದಕ್ಕೆಂದು ಶ್ರೀರಂಗಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಜೀರ್ ಸಾಬರ ಹತ್ತಿರ ಎರಡು ಹಳೆಯ ಸಿಬಿ ರೇಡಿಯೊ ಸೆಟ್ಟು ತಂದೆ. ಸಾಧಾರಣ ಜನ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿ ಎಂದು ಬಿಟ್ಟಿರುವ ರೇಡಿಯೊ ಇದು. ಒಂದು ಮನೆಯಲ್ಲಿ, ಅಡುಗೆಮನೆಯ ಕಿಟಕಿಯ ಪಕ್ಕ. ಇನ್ನೊಂದು ಜಮೀನಿನ ಪಂಪ್‌ಸೆಟ್ಟಿನ ಶೆಡ್ಡಿನಲ್ಲಿ. ಎರಡಕ್ಕೂ ಉದ್ದನೆಯ ಏರಿಯಲ್ಲು.

ಮಾತು ಮುಗಿದಾಗ ‘ಓವರ್’ ಅನ್ನಬೇಕು ಎಂದು ಹೇಳಿಕೊಟ್ಟೆ. ಜಯಮ್ಮ ಒಪ್ಪಲಿಲ್ಲ. “ನಾನೇನು ಪೊಲೀಸಾ? ಈಗ ನೀವು ಯೋಳಿ ಅಂತೀನಿ, ಸಾಕು ಬುಡಿ,” ಅಂದಳು. ಅದೇ ನಮ್ಮ ಕಾಯಿದೆಯಾಯಿತು. ಮೊದಲ ಒಂದು ವಾರ ಎಷ್ಟು ಚೆನ್ನಾಗಿತ್ತೆಂದರೆ, ಎದುರಾಬದುರಾ ಕೂತಾಗ ಆಡದ ಮಾತುಗಳನ್ನೆಲ್ಲ ನಾವು ಏಳು ಮೈಲಿ ದೂರದಿಂದ ಆಡಿದೆವು. ಪಾಂಡವಪುರದ ಅವಳ ತಮ್ಮನ ಮನೆಯಲ್ಲಿ ಕಾಫಿ ಯಾಕೆ ಅಷ್ಟು ನೀರಾಗಿರುತ್ತದೆ ಎಂಬುದನ್ನೇ ಎರಡು ದಿನ ಚರ್ಚಿಸಿದೆವು; ಆ ಚರ್ಚೆ ಆಮೇಲೂ ಆಗಾಗ ಮುಂದುವರಿಯುತ್ತಿತ್ತು.

ಆಮೇಲೆ ತೊಂದರೆ ಶುರುವಾಯಿತು. ಈ ಬಗೆಯ ಸೆಟ್ಟಿನಲ್ಲಿ ಎರಡು ಕಡೆಯದೂ ತರಂಗಾಂತರದ ಒಂದೇ ಜಾಗಕ್ಕೆ ಸರಿಯಾಗಿ ಕೂತಿರಬೇಕು. ಒಂದು ಸ್ವಲ್ಪ ಜಾರಿದರೂ ಮಾತು ಬರುತ್ತದೆ, ಧ್ವನಿ ಬೇರೆಯವರದಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಜಯಮ್ಮನಾಗಿದ್ದವಳು ಹತ್ತೂವರೆಗೆ ಶೀತವಾದ ಜಯಮ್ಮನಾಗಿ, ಹನ್ನೊಂದಕ್ಕೆ ಗರಡಿಯ ಪೈಲ್ವಾನನಾಗಿ “ಊಟಕ್ಕೆ ಏನ್ ಮಾಡ್ಲಿ?” ಎಂದು ಕೇಳುತ್ತಿದ್ದಳು. ಅಷ್ಟೊತ್ತಿಗೆ ಅವಳಿಗೆ ನಾನು ಬಾತುಕೋಳಿಯ ಹಾಗೆ ಕೇಳಿಸುತ್ತಿದ್ದೆನಂತೆ. ಅದನ್ನು ನಾನು ನಂಬಲಿಲ್ಲ. ಇದನ್ನು ಸರಿಮಾಡಲು ಸೆಟ್ಟಿನಲ್ಲಿ ಒಂದು ಚಿಕ್ಕ ಗುಂಡಿಯಿದೆ. “ಲೇ, ನಿನ್ನ ಸೆಟ್ಟು ಜಾರ್ತೈತೆ, ಗುಂಡಿ ತಿರುಗ್ಸು,” ಎಂದು ಕೂಗುತ್ತಿದ್ದೆ. ಅವಳು ತಿರುಗಿಸುವಳು. ಅಷ್ಟರಲ್ಲಿ ತಾಳ್ಮೆ ಸಾಲದೆ ನಾನೂ ನನ್ನದನ್ನು ತಿರುಗಿಸುವೆ. ಗದ್ದೆಯ ಬದುವಿನ ಮೇಲೆ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಕಡೆಗೆ ಸರಿದ ಹಾಗೆ ಆಗುತ್ತಿತ್ತು. ಹಾಗೆ ಸರಿದು ಸರಿದು ಒಂದು ದಿನ ಗುಂಡಿ ಕೊನೆಗೆ ಬಂದು ನಿಂತೇಬಿಟ್ಟಿತು.

ಎರಡೂ ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಗುಂಡಿ ಇನ್ನಷ್ಟು ತಿರುಗುವ ಹಾಗೆ ಮಾಡಿಕೊಡಿ ಎಂದು ನಜೀರ್ ಸಾಬರನ್ನು ಕೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, “ಎರಡ್ರಲ್ಲಿ ಯಾವ್ದು ಜಾರೋದು ಸಾಬ್?” ಅಂದರು.

“ಮನೇದು.”

“ಎರಡೇ ಸೆಟ್ ಇಟ್ಕೊಂಡು ಅದೆಂಗೆ ಯೋಳ್ತೀರಾ? ಯಾವ್ದು ಖರಾಬು ಅಂತ ಹೇಳೋಕೆ ಮೂರನೇದು ಬೇಕು.”

“ನಮ್ಮನೆಯವಳ ಧ್ವನಿ ನನಗೆ ಗೊತ್ತಿಲ್ವೇನ್ರಿ?”

“ಅವ್ರಿಗೂ ನಿಮ್ದು ಗೊತ್ತಲ್ಲಾ ಸಾಬ್,” ಎಂದು ಸ್ಕ್ರೂಡ್ರೈವರು ಹುಡುಕತೊಡಗಿದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗುಂಡಿಗಳನ್ನು ಧಾರಾಳವಾಗಿ ತಿರುಗುವ ಹಾಗೆ ಬಿಚ್ಚಿಸಿಕೊಂಡು ಬಂದೆ. ಅಷ್ಟಕ್ಕೇ ಬಿಡದೆ, ಮನೆಯ ಸೆಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಈ ಉಪಕರಣ ದೋಷಯುಕ್ತವಾಗಿದೆ’ ಎಂದು ಬರೆದು ಅಂಟಿಸಿದೆ. ದಿನಾಂಕ ಹಾಕಿ ಸಹಿಯನ್ನೂ ಮಾಡಿದೆ. ಜಯಮ್ಮ ಅದನ್ನು ಓದಿ ಒಲೆಯ ಕಡೆ ತಿರುಗಿದಳು. ಆಮೇಲಿನ ದಿನಗಳಲ್ಲಿ ಹನ್ನೊಂದಾದರೆ ನನ್ನ ಕೂಗಾಟ. “ಎಲ್ಲಿಗೆ ಹೋದೆ? ಒಂದು ಕಡೆ ನಿಲ್ಲಕ್ಕಾಗಲ್ವಾ ನಿನಗೆ?” ಎಂದು ಗದರಿಸಿದ್ದೂ ಉಂಟು. ಒಂದು ಸಲವಂತೂ ಸೆಟ್ಟಲ್ಲ, ಗಂಟಲೇ ಕೆಟ್ಟಿರಬೇಕು, ಮೆಣಸಿನ ಕಷಾಯ ಕುಡಿ ಅಂದೆ. ಪಾಪ, ಕುಡಿದಳು.

ಹೋದ ತಿಂಗಳು ನಾಗಮಂಗಲದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನಾನು ಜಯಮ್ಮನಿಗೆ, “ಈ ಪಾಯಸಕ್ಕೆ ಏಲಕ್ಕಿ ಜಾಸ್ತಿ ಆಯ್ತು ಕಣೆ,” ಅಂದೆ. ಎದುರಿನ ಸಾಲಿನಲ್ಲಿ ಕೂತಿದ್ದ ಒಬ್ಬ ದಪ್ಪನೆಯ ಮನುಷ್ಯ ತಟ್ಟನೆ ತಲೆಯೆತ್ತಿ, “ಸಾರ್, ಪಾಂಡವಪುರದ ಕಾಫಿ ನೀವೇ ಅಲ್ವಾ?” ಅಂದ. ನನ್ನ ಕೈಯ ಹಪ್ಪಳ ಕೈಯಲ್ಲೇ ನಿಂತಿತು.

ಅವನು ಬೋರೇಗೌಡ, ನಾಗಮಂಗಲದ ಹತ್ತಿರ ಕೋಳಿ ಫಾರಂ ಇಟ್ಟಿದ್ದಾನೆ. ಅವನ ಹತ್ತಿರವೂ ಒಂದು ಸೆಟ್ಟಿದೆ. ನಮ್ಮ ಚಾನೆಲ್ಲಿನ ಪಕ್ಕದ ಚಾನೆಲ್ಲೇ ಅವನದು. ಬಿಚ್ಚಿಸಿದ ಗುಂಡಿಗಳ ಪುಣ್ಯದಿಂದ ನಾವು ಗಂಡಹೆಂಡಿರು ದಿನವೂ ಹನ್ನೊಂದರ ಹೊತ್ತಿಗೆ ನಮ್ಮ ಜಾಗ ಬಿಟ್ಟು ಅವನ ಜಾಗಕ್ಕೆ ಹೋಗಿ ಸಂಸಾರ ಮಾಡುತ್ತಿದ್ದೆವಂತೆ. ಫಾರಂನ ಆಳುಗಳೂ ಅವನ ಹೆಂಡತಿ ಪುಟ್ಟಲಕ್ಷ್ಮಿಯೂ ಕೆಲಸ ನಿಲ್ಲಿಸಿ ಸುತ್ತ ಕೂತು ಕೇಳುತ್ತಿದ್ದರಂತೆ. “ಮಧ್ಯೆ ಬಾಯಾಕಕ್ಕೆ ಮನ್ಸಾಗ್ನಿಲ್ಲ ಸಾರ್, ಅಷ್ಟು ಚೆನ್ನಾಗಿರ್ತಿತ್ತು,” ಅಂದ. ಆ ಹೊತ್ತಿಗೆ ಪುಟ್ಟಲಕ್ಷ್ಮಿ ಬಂದು ಜಯಮ್ಮನ ಕೈ ಹಿಡಿದುಕೊಂಡು, “ಅಕ್ಕಾ, ಕಷಾಯ ಕುಡ್ದ ಮ್ಯಾಲೆ ಗಂಟ್ಲು ಎಂಗದೆ?” ಎಂದು ಕೇಳಿದಳು.

ಮಾನ ಹೋಗುತ್ತಿರುವಾಗಲೂ ನನ್ನ ಕಾಯಿಲೆ ಸುಮ್ಮನಿರಲಿಲ್ಲ. “ಎಲ್ಲ ನಮ್ಮನೆಯವಳ ಸೆಟ್ಟಿನಿಂದ ಆಗಿದ್ದು, ಜಾರ್ತದೆ,” ಅಂದೆ.

“ಇಲ್ಲ ಬುಡಿ ಸಾರ್,” ಅಂದ ಬೋರೇಗೌಡ. “ದಿನಾ ಮೊದ್ಲು ಜಾರ್ಕೊಂಡು ಬರೋರು ನೀವು, ಬಾತುಕೋಳಿ ಅಂಗೆ ಕೂಗ್ತಾ. ಅಕ್ಕ ಅಲ್ಲೇ ಇರ್ತಾರೆ, ‘ಎಲ್ಲಿದ್ದೀರಾ, ಎಲ್ಲಿದ್ದೀರಾ’ ಅಂತ ದೂರದಲ್ಲಿ ಸಣ್ಣಗೆ ಕೇಳುಸ್ತದೆ. ಆಮೇಲೆ ನಿಮ್ಮನ್ನ ಉಡುಕ್ಕೊಂಡು ನಿಧಾನಕ್ಕೆ ಬತ್ತಾರೆ. ಅವ್ರು ಬಂದು ಮುಟ್ಟೋ ಅಷ್ಟೊತ್ತಿಗೆ ನೀವು ಇನ್ನೂ ಒಸಿ ಮುಂದಕ್ಕೋಗಿ ಬಯ್ಯಕ್ಕೆ ಸುರು ಮಾಡಿರ್ತೀರಿ.”

ನಜೀರ್ ಸಾಬರು ಹೇಳಿದ ಮೂರನೆಯ ಸೆಟ್ಟು ಪಂಚೆಯುಟ್ಟು ಎದುರಿಗೇ ಕೂತು ಪಾಯಸ ಸುರ್ರೆಂದು ಕುಡಿಯುತ್ತಿತ್ತು. ನಾನು ಜಯಮ್ಮನ ಮುಖ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ ಎಂದರೆ ಸರಿ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಮಾರನೆಯ ದಿನ ಶೆಡ್ಡಿಗೆ ಹೋಗಿ ತನಿಖೆ ನಡೆಸಿದೆ. ನನ್ನ ಸೆಟ್ಟನ್ನು ನಾನು ಮೋಟರಿನ ಸ್ಟಾರ್ಟರ್ ಡಬ್ಬದ ಮೇಲೆ ಇಟ್ಟಿದ್ದೆ. ಮೇಲೆ ತಗಡಿನ ಸೂರು. ಬಿಸಿಲೇರಿದ ಹಾಗೆಲ್ಲ ಮುಟ್ಟಿದರೆ ಕೈ ಚುರ್ರೆನ್ನುವಷ್ಟು ಕಾಯುತ್ತಿತ್ತು. ಕಾದ ಹಾಗೆ ಜಾರುತ್ತಿತ್ತು. ಮನೆಯದು ಕಿಟಕಿಯ ಗಾಳಿಗೆ ತಣ್ಣಗೆ ಒಂದೇ ಕಡೆ ಕೂತಿತ್ತು. ನನ್ನ ಸೆಟ್ಟನ್ನು ಇಳಿಸಿ ಹೊಂಗೆಮರದ ನೆರಳಿನಲ್ಲಿ ನೀರಿನ ತೊಟ್ಟಿಯ ಪಕ್ಕಕ್ಕೆ ಇಟ್ಟೆ. ಹನ್ನೊಂದಾಯಿತು, ಹನ್ನೆರಡಾಯಿತು, ಅಲುಗಲಿಲ್ಲ. ಈ ಸಂತೋಷ ಹೇಳಿಕೊಳ್ಳೋಣವೆಂದು ಕರೆದರೆ ಮನೆಯಿಂದ ಉತ್ತರವಿಲ್ಲ. ಮೂರು ದಿನ ಕರೆದೆ. ಮನೆಯಲ್ಲಿ ಊಟ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ರೇಡಿಯೊದಲ್ಲಿ ಮಾತ್ರ ಬರೀ ಬುಸುಬುಸು ಸದ್ದು. ಕೆಂಪು ಶಾಯಿಯ ಚೀಟಿಯನ್ನು ನಾನೇ ಕಿತ್ತು ಹಾಕಿದೆ. ಅದನ್ನೂ ಅವಳು ಗಮನಿಸಿದ ಹಾಗೆ ಕಾಣಲಿಲ್ಲ. ನಿಜ ಹೇಳುತ್ತೇನೆ, ಆ ಮೂರು ದಿನ ಜಮೀನಿನಲ್ಲಿ ನನಗೆ ಹೊತ್ತೇ ಹೋಗಲಿಲ್ಲ. ಪೈಲ್ವಾನನ ಧ್ವನಿಯಾದರೂ ಸರಿ, ಊಟಕ್ಕೆ ಏನು ಮಾಡಲಿ ಎಂದು ಒಂದು ಸಲ ಕೇಳಿದ್ದರೆ ಸಾಕಾಗಿತ್ತು.

ನಾಲ್ಕನೆಯ ದಿನ ಹನ್ನೊಂದಕ್ಕೆ, ಏನಾದರಾಗಲಿ ಎಂದು ಬೋರೇಗೌಡನ ಚಾನೆಲ್ಲಿಗೆ ತಿರುಗಿಸಿದೆ. ನೋಡಿದರೆ ಅಲ್ಲಿದ್ದಾಳೆ! ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ, ಹುರುಳಿಕಾಳಿನ ಬಸ್ಸಾರಿಗೆ ಖಾರ ಹೇಗೆ ರುಬ್ಬಬೇಕೆಂದು ಪುಟ್ಟಲಕ್ಷ್ಮಿಗೆ ಪಾಠ ಹೇಳುತ್ತಿದ್ದಾಳೆ. ನಗುತ್ತಲೂ ಇದ್ದಾಳೆ. ನಡುವೆ ಸಂದು ಸಿಕ್ಕಿದಾಗ ಬಾಯಿ ಹಾಕಿದೆ. “ಜಯಾ, ನಾನು. ಜಾರ್ತಾ ಇದ್ದಿದ್ದು ನನ್ನ ಸೆಟ್ಟು. ನಿಂದು ಸರಿಯಾಗೇ ಇತ್ತು. ಸುಮ್‌ಸುಮ್ನೆ ನಿನ್ನ ಬೈದೆ. ತಪ್ಪಾಯ್ತು. ಈಗ ನೀನು ಯೋಳು.”

ಮೊದಲು ಬಂದದ್ದು ಪುಟ್ಟಲಕ್ಷ್ಮಿಯ ಧ್ವನಿ: “ಅಕ್ಕಾ, ಅಣ್ಣಾರು ಏನೋ ಅಂತಾವ್ರೆ.”

“ಯಾರೋ ಏನೋ, ಸರಿಯಾಗಿ ಕೇಳುಸ್ನಿಲ್ಲ ಕಣವ್ವ,” ಅಂದಳು ಜಯಮ್ಮ. “ಅವ್ರ ಸೆಟ್ಟು ಜಾರಿರ್ಬೇಕು. ಫಾರಮ್ನೋರ್ನೆಲ್ಲ ಕರ್ಕೊಂಡು ಬಾ, ಆಮೇಲೆ ಇನ್ನೊಂದ್ಸಲ ಯೋಳಕ್ಕೆ ಯೋಳು ಅವ್ರಿಗೆ.”

ನನ್ನ ಸೆಟ್ಟು ಆಗ ತೊಟ್ಟಿಯ ಪಕ್ಕ ತಣ್ಣಗೆ ಕೂತಿತ್ತು, ಕೂದಲೆಳೆಯಷ್ಟೂ ಜಾರಿರಲಿಲ್ಲ. ಅದನ್ನೇ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಆಳುಗಳು ಕೆಮ್ಮುತ್ತಾ ಬಂದು ಕೂತ ಸದ್ದು ಕೇಳಿಸಿತು. “ಹೌದು, ನಂದೇ ಜಾರೈತೆ,” ಎಂದು ಒಪ್ಪಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದೆ.