ಹಸಿರು ಗುರುತಿನ ರಾಜೀನಾಮೆ

ಎಲ್ಲಕ್ಕೂ ಮೂಲ ಒಂದು ಅಲ್ಪವಿರಾಮ.

ಅರವತ್ತು ಮನೆಗಳ ಕಟ್ಟಡಕ್ಕೆ ಆರು ವರ್ಷ ಕಾರ್ಯದರ್ಶಿಯಾಗಿ, ಲಿಫ್ಟು, ನೀರು, ನಾಯಿ ಜಗಳಗಳಲ್ಲಿ ನುಜ್ಜುಗುಜ್ಜಾದ ಯಜಮಾನರು ಅಂದು ಸಂಜೆ ಐದು ಗಂಟೆಯೊಳಗೆ ರಾಜೀನಾಮೆಯನ್ನು ಸಂಘಗಳ ನೋಂದಣಿ ಕಚೇರಿಗೆ ಕಂಪ್ಯೂಟರಿನಲ್ಲೇ ಕಳಿಸಬೇಕಿತ್ತು. ತಪ್ಪಿದರೆ ಇನ್ನೆರಡು ವರ್ಷ ಅದೇ ಗಾಣ.

"ಈ ಸಲವೂ ಬಿಡದಿದ್ರೆ ನಾನೊಬ್ಳೇ ಮಗಳ ಮನೆಗೆ ಹೋಗ್ತೀನಿ ರೀ. ನೀವು ಲಿಫ್ಟ್ ಜೊತೆ ಸಂಸಾರ ಮಾಡಿ," ಎಂದು ಹೆಂಡತಿ ಬೆಳಿಗ್ಗೆಯೇ ಗುಡುಗಿದ್ದಳು.

ಕಾರ್ಯದರ್ಶಿಗಳು ಪತ್ರಕ್ಕೆ ಡಿಜಿಟಲ್ ಸಹಿ ಹಾಕಿ, ನಿಯಮದಂತೆ ಸಮಿತಿಯ ಮೇಷ್ಟ್ರಿಗೆ ಓದಲು ಕಳಿಸಿದರು. ಮೇಷ್ಟ್ರು ಹಿಂತಿರುಗಿಸಿದ್ದನ್ನೇ ಕಚೇರಿಗೆ ಕಳಿಸಿದರೆ ಕೆಂಪು ಗುರುತು: ಸಹಿ ಅಮಾನ್ಯ!

"ನಿಮ್ಮ ಸಹಿ ಮುಟ್ಟಿಲ್ಲಪ್ಪ. ವಾಕ್ಯಕ್ಕೆ ಉಸಿರೇ ಇರ್ಲಿಲ್ಲ, ಒಂದು ಅಲ್ಪವಿರಾಮ ಹಾಕ್ದೆ," ಎಂದರು ಮೇಷ್ಟ್ರು.

ಮತ್ತೆ ಸಹಿ. ಈ ಸಲ ಸಮಿತಿಯ ವಕೀಲಮ್ಮ "ವಿನಯಪೂರ್ವಕವಾಗಿ" ಎಂದು ಸೇರಿಸಿ ಕೊಟ್ಟರು. ಮತ್ತೆ ಕೆಂಪು. ಕಾರ್ಯದರ್ಶಿಗಳ ಮುಖವೂ.

ಮೇಷ್ಟ್ರು, ವಕೀಲಮ್ಮ ಇಬ್ಬರೂ ಮನೆಗೇ ಬಂದು ಕೂತರು. ಮಗಳಿಗೆ ಫೋನು ಹೋಯಿತು.

"ಅಪ್ಪಾ, ಇದು ಕಾಗದದ ಸಹಿಯಲ್ಲ. ಇಡೀ ಪತ್ರವನ್ನ ಅರೆದು ಒಂದು ಪುಟ್ಟ ಸಂಖ್ಯೆ ಮಾಡ್ತಾರೆ, ಅದೇ ಹ್ಯಾಶ್. ಒಂದು ಚುಕ್ಕೆ ಬದಲಾದ್ರೂ ಸಂಖ್ಯೆಯೇ ಬೇರೆ. ಅದಕ್ಕೆ ನಿನ್ನ ಗುಟ್ಟಿನ ಕೀಲಿಯಿಂದ ಬೀಗ ಹಾಕಿದ್ರೆ ಸಹಿ. ಅದರ ಜೋಡಿ ಕೀಲಿ ಊರಿಗೆಲ್ಲ ಬಹಿರಂಗ. ಕಚೇರಿಯವರು ಅದರಿಂದ ಬೀಗ ತೆಗೀತಾರೆ, ತಮಗೆ ಬಂದ ಪತ್ರವನ್ನ ತಾವೂ ಅರೀತಾರೆ. ಎರಡೂ ಸಂಖ್ಯೆ ತಾಳೆಯಾದ್ರೆ ಹಸಿರು."

"ಅಂದ್ರೆ ಈ ಮಹಾನುಭಾವರು ಕೆಮ್ಮಿದ್ರೂ ಕೆಡತ್ತೆ!"

ಐದಕ್ಕೆ ಐದು ನಿಮಿಷ. ಮೂರನೇ ಸಹಿ ಹಾಕಿದ ಕಾರ್ಯದರ್ಶಿಗಳು ಮೊಟ್ಟೆಗೆ ಕೂತ ಕೋಳಿಯಂತೆ ಕಂಪ್ಯೂಟರನ್ನು ಕವಿದುಕೊಂಡರು.

"ಅಯ್ಯೋ, ಕೊನೆಗೆ 'ಇಂತಿ' ಬಿಟ್ಟಿದ್ದೀರಿ!" ಮೇಷ್ಟ್ರು ಕೈಚಾಚಿದರು.

"ಮುಟ್ಟಿದ್ರೆ ಬೆರಳು ಮುರೀತೀನಿ ಮೇಷ್ಟ್ರೇ!"

ಕಳಿಸಿದರು. ಹಸಿರು! ವಕೀಲಮ್ಮ ಚಪ್ಪಾಳೆ ತಟ್ಟಿದರು. ಹೆಂಡತಿ ಆರು ವರ್ಷದಲ್ಲಿ ಮೊದಲ ಸಲ ಗಂಡನನ್ನು ನೋಡಿ ನಕ್ಕಳು.

ಹತ್ತು ನಿಮಿಷಕ್ಕೆ ಕಚೇರಿಯ ಉತ್ತರ ಬಂತು: "ರಾಜೀನಾಮೆ ಅಸಲಿ. ಹೊಸ ಕಾರ್ಯದರ್ಶಿಯು ಇಂದೇ ತಮ್ಮ ಡಿಜಿಟಲ್ ಸಹಿಯೊಂದಿಗೆ ಇದನ್ನು ಅಂಗೀಕರಿಸತಕ್ಕದ್ದು."

"ನಮ್ಮಲ್ಲಿ ಆ ಸಹಿಯ ಕೀಲಿ ಯಾರ ಹತ್ರ ಇದೆ?" ಎಂದರು ವಕೀಲಮ್ಮ. ಮೇಷ್ಟ್ರು ಅವರನ್ನು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಕಂಪ್ಯೂಟರಿನ ಮುಂದೆ ಕೂತವರ ಕಡೆ ನೋಡಿದರು.

ಆಯ್ಕೆ ಒಮ್ಮತದಿಂದ ಆಯಿತು. ಹೊಸ ಕಾರ್ಯದರ್ಶಿಗಳು ಹಲ್ಲು ಕಡಿಯುತ್ತ ಹಳೆಯ ಕಾರ್ಯದರ್ಶಿಗಳ ರಾಜೀನಾಮೆಯನ್ನು ಅಂಗೀಕರಿಸಿದರು. ಮೊದಲ ಏಟಿಗೇ ಹಸಿರು.

ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಾಳೆಯೇ ನನಗೊಂದು ಕೀಲಿ ಮಾಡಿಸಿ, ಕಾರ್ಯದರ್ಶಿ ನಾನಾಗ್ತೀನಿ. ಈ ಇಬ್ಬರನ್ನ ನಾನು ನೋಡ್ಕೋತೀನಿ. ಮಗಳ ಮನೆಗೆ ನೀವು ಹೊರಡಿ."