ಹೈದರಾಬಾದಿಗೆ ಹೋಗುವವರು ನಮ್ಮ ಮಾವನನ್ನು ಕೇಳಿ

ನಮ್ಮ ಸೋದರಮಾವ ಹೈದರಾಬಾದನ್ನು ಸಂಪೂರ್ಣವಾಗಿ ಬಲ್ಲವರು. ನೋಡುವುದೊಂದು ಬಾಕಿ, ಅಷ್ಟೇ!

ಇದು ನನ್ನ ಮಾತಲ್ಲ, ಅತ್ತೆಯದ್ದು. ಮಾವ ತಮ್ಮ ಯೌವನವನ್ನೆಲ್ಲ ಆಂಧ್ರದ ರಾಜಧಾನಿಯ ಒಂದು ಉಡುಪಿ ಹೋಟೆಲಿನಲ್ಲಿ ಕಳೆದವರು. ಅಲ್ಲಿ ಅವರಿಗೆ ಹಿಟ್ಟು ರುಬ್ಬುವ ಕೆಲಸ. ಇಡ್ಲಿಗೆ, ದೋಸೆಗೆ, ವಡೆಗೆ, ಅದು ಮುಗಿದರೆ ನಾಳೆಯ ಇಡ್ಲಿಗೆ. ಹೋಟೆಲಿದ್ದದ್ದು ಚಾರ್‌ಮಿನಾರಿನಿಂದ ಕೂಗಳತೆಯಲ್ಲಿ. ಮಹಡಿಯ ಮೇಲಿನ ರುಬ್ಬುವ ಕೋಣೆಗೆ ಒಂದು ಸಣ್ಣ ಕಿಟಕಿ. ಅದರಿಂದ ನಾಲ್ಕು ಮಿನಾರುಗಳ ಪೈಕಿ ಒಂದು, ಮತ್ತು ಅದಕ್ಕೆ ತಾಗಿಕೊಂಡು ಜನ ಮೇಲೆ ಹತ್ತಿ ನಿಂತು ಊರು ನೋಡುವ ಮೊಗಸಾಲೆಯ ಒಂದು ತುಂಡು ಕಾಣುತ್ತಿತ್ತಂತೆ. ಮಾವ ಕಣ್ಣಾರೆ ಕಂಡ ಹೈದರಾಬಾದು ಇಷ್ಟೇ.

“ಅಷ್ಟು ಹತ್ತಿರ ಇದ್ದು ಒಮ್ಮೆಯೂ ಹೋಗಲಿಲ್ಲವಾ ಮಾವ?” ಎಂದು ನಾನು ಕೇಳಿದ್ದೆ.

“ಹತ್ತಿರ ಇತ್ತಲ್ಲ, ಅದಕ್ಕೇ. ದೂರ ಇದ್ದಿದ್ದರೆ ಒಂದು ರಜೆ ಹಾಕಿ ಹೋಗಿ ಬರುತ್ತಿದ್ದೆ.”

ಇದನ್ನು ತೀರಾ ಅಲ್ಲಗಳೆಯುವ ಹಾಗೂ ಇಲ್ಲ. ಮಾವನ ಮನೆ ಕಾರ್ಕಳದಲ್ಲಿ. ಕಾರ್ಕಳದವರು ಗೊಮ್ಮಟನ ಬೆಟ್ಟ ಹತ್ತುವುದು ಪರವೂರಿನ ನೆಂಟರು ಬಂದು ಪೀಡಿಸಿದಾಗ ಮಾತ್ರ. ಆದರೆ ಕಾರ್ಕಳದವರು ಯಾರೂ ಜಗಲಿಯಲ್ಲಿ ಕುಳಿತು ಗೊಮ್ಮಟನ ಬಗ್ಗೆ ಭಾಷಣ ಮಾಡುವುದಿಲ್ಲ. ಮಾವ ಚಾರ್‌ಮಿನಾರಿನ ಬಗ್ಗೆ ಮಾಡುತ್ತಿದ್ದರು. “ಒಂದು ಮಿನಾರನ್ನು ಸರಿಯಾಗಿ ನೋಡಿದರೆ ಸಾಕು. ಅನ್ನ ಬೆಂದದ್ದು ನೋಡಲಿಕ್ಕೆ ಪಾತ್ರೆಯ ಅನ್ನ ಎಲ್ಲ ಹಿಸುಕಬೇಕಾ? ಒಂದು ಅಗುಳು ಸಾಕು” ಎಂಬುದು ಅವರ ಸಿದ್ಧಾಂತ. ಆ ಒಂದು ಅಗುಳನ್ನೇ ಅವರು ಊರಿಗೆಲ್ಲ ಬಡಿಸಿದರು.

ರುಬ್ಬಿ ರುಬ್ಬಿ ಬಲಗೈಯ ರಟ್ಟೆ ಸೋತದ್ದರಿಂದ ಅವರು ಊರಿಗೆ ಮರಳಿದ್ದು. ಆ ಕೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಅಟ್ಟದ ಮೇಲಿನ ಭರಣಿಯನ್ನು ಅತ್ತೆಯೇ ಇಳಿಸಬೇಕು. ಚಾರ್‌ಮಿನಾರಿನ ಎತ್ತರ ತೋರಿಸುವಾಗಲೂ ಕೈ ಅಲ್ಲಿಯೇ ನಿಲ್ಲುತ್ತಿದ್ದ ಕಾರಣ, ಅದು ತುಳಸಿಕಟ್ಟೆಗಿಂತ ತುಸು ದೊಡ್ಡದು ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಅವರೇ, “ನಮ್ಮ ಕಾಪುವಿನ ಲೈಟ್‌ಹೌಸ್ ಉಂಟಲ್ಲ, ಅಂಥದ್ದು. ದೀಪ ಮಾತ್ರ ಇಲ್ಲ” ಎಂದು ತಿದ್ದಿದರು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಬೊಂಬಾಯಿ ಬಲ್ಲವರು ಮನೆಗೊಬ್ಬರಿದ್ದರು. ಹಾಗಾಗಿ ಬೊಂಬಾಯಿಯ ಜ್ಞಾನಕ್ಕೆ ಕಾಸಿನ ಬೆಲೆ ಇರಲಿಲ್ಲ. ಹೈದರಾಬಾದಿಗೆ ಮಾವನೊಬ್ಬರೇ! ಹಿರಿಯಡ್ಕದಿಂದಲೂ ಜನ ಬಸ್ಸು ಹಿಡಿದು ದಾರಿ ಕೇಳಲು ಬರುತ್ತಿದ್ದರು. ಗದ್ದೆಯಿಲ್ಲ, ಅಂಗಡಿಯಿಲ್ಲ, ಕೈಲಾಗುವ ಕೆಲಸವೂ ಇಲ್ಲದ ಮಾವನಿಗೆ ಊರಿನಲ್ಲಿ ಇದ್ದ ಮರ್ಯಾದೆಯೆಲ್ಲ ಈ ಹೈದರಾಬಾದಿನಿಂದಲೇ. ಯಾರಾದರೂ ಬಂದು ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಒಮ್ಮೆ ಕಾಪುವಿನ ಜವುಳಿ ವ್ಯಾಪಾರಿ ಹಾಜಿಯವರು ಬಂದರು. ಸೀರೆ ಮಾಲು ತರಲು ಹೈದರಾಬಾದಿಗೆ ಹೊರಟಿದ್ದರು. ಮಾವನಿಗೆ ಉರ್ದುವಿನಲ್ಲಿ ಎರಡೇ ಪದ ಗೊತ್ತು, ‘ಹೌ’ ಮತ್ತು ‘ನಕ್ಕೋ’. ಹಿಟ್ಟು ಆಯಿತೇ ಎಂದರೆ ಮೊದಲನೆಯದು, ಇನ್ನೂ ಸ್ವಲ್ಪ ಅಕ್ಕಿ ಹಾಕಲೇ ಎಂದರೆ ಎರಡನೆಯದು. ಎರಡನ್ನೂ ಅವರು ಹಾಜಿಯವರ ಮೇಲೆ ಧಾರಾಳವಾಗಿ ಪ್ರಯೋಗಿಸಿದರು. ಹಾಜಿಯವರು ಸ್ವಲ್ಪ ಹೊತ್ತು ತಾಳಿಕೊಂಡು, “ಭಟ್ರೇ, ನನಗೆ ಉರ್ದು ಬರುವುದಿಲ್ಲ. ನಮ್ಮದು ಬ್ಯಾರಿ ಭಾಷೆ ಅಲ್ವಾ? ಕನ್ನಡದಲ್ಲೇ ಹೇಳಿ” ಎಂದರು.

ಮಾವ ಕನ್ನಡದಲ್ಲೇ ಹೇಳಿದರು. “ಸ್ಟೇಷನಿನಲ್ಲಿ ಇಳಿದರೆ ಎದುರಿಗೇ ಬ್ರಹ್ಮಾವರದವರ ಹೋಟೆಲ್ ಉಂಟು. ಅಲ್ಲಿ ಬಲಕ್ಕೆ ತಿರುಗಿ, ಹಿರಿಯಡ್ಕದವರದ್ದು ಸಿಗ್ತದೆ. ಸೀದಾ ಹೋದರೆ ಅಜೆಕಾರಿನವರದ್ದು, ಬನ್ಸ್ ಒಳ್ಳೆಯದುಂಟು. ಮುಂದಿನದ್ದನ್ನು ಅಲ್ಲಿಯೇ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತವರಲ್ಲಿ ಕೇಳಿ.”

ಹೊರಗೆ ಕಾಲಿಡದವರಿಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಹೋಟೆಲಿನವರು ಒಂದು ಕಡೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುತ್ತಲೇ ಇರುತ್ತಾರೆ. ಹಾಗೆ ಬಂದವರೆಲ್ಲ ಹಿಂದಿನ ಯಜಮಾನರನ್ನು ಬೈಯುವುದು ರುಬ್ಬುವ ಕಲ್ಲಿನ ಪಕ್ಕ ಕುಳಿತೇ. ಆ ಬೈಗುಳದಿಂದಲೇ ಮಾವ ಊರಿನ ನಕ್ಷೆ ಕಟ್ಟಿಕೊಂಡದ್ದು. ಅದರಲ್ಲಿ ರಸ್ತೆಗಳಿರಲಿಲ್ಲ, ನವಾಬರಿರಲಿಲ್ಲ, ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಹೋಗುವ ದಾರಿ ಮಾತ್ರ ಇತ್ತು.

ಹದಿನೈದು ದಿನ ಬಿಟ್ಟು ಹಾಜಿಯವರು ಮತ್ತೆ ಜಗಲಿ ಹತ್ತಿದರು. ಮುಖ ಸ್ವಲ್ಪ ಇಳಿದಿತ್ತು.

“ಎಂತ ಹಾಜಿಯವರೇ, ದಾರಿ ಸರಿ ಸಿಕ್ಕಿತಾ?”

“ಸಿಕ್ಕಿತು ಭಟ್ರೇ. ಹೋದಲ್ಲೆಲ್ಲ ನಿಮ್ಮ ಹೆಸರು ಹೇಳಿದೆ. ಹೋದಲ್ಲೆಲ್ಲ ಮಸಾಲೆದೋಸೆ ಕೊಟ್ಟರು. ಹೈದರಾಬಾದಿಗೆ ಹೋಗಿ ಬಿರಿಯಾನಿ ತಿನ್ನದೆ ಬಂದ ಬ್ಯಾರಿ ನಾನೊಬ್ಬನೇ ಇರಬೇಕು.”

ಮಣಿಪಾಲದ ಕಾಲೇಜಿನ ಲೆಕ್ಚರರ್ ಒಬ್ಬರು ಅಚ್ಚಾದ ನಕ್ಷೆಯನ್ನೇ ತಂದಿದ್ದರು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ, “ಇದರಲ್ಲಿ ಹೋಟೆಲೇ ಇಲ್ಲ” ಎಂದು ಮಡಚಿ ವಾಪಸು ಕೊಟ್ಟರು. ದೊಡ್ಡ ಮ್ಯೂಸಿಯಂ ನೋಡಬಹುದೇ ಎಂದು ಲೆಕ್ಚರರು ಕೇಳಿದರು.

“ಬೇಡ. ಅದರ ಹತ್ತಿರದ ಹೋಟೆಲಿನಲ್ಲಿ ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲ.”

“ಹಾಗಾದರೆ ಗೋಲ್ಕೊಂಡಾ ಕೋಟೆ? ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದಂತೆ.”

“ಅದರಲ್ಲಿ ಎಂತ ಉಂಟು? ನಮ್ಮಲ್ಲಿ ಕೆಳಗೆ ಸಪ್ಲಾಯರ್ ‘ಎರಡು ಸೆಟ್ ದೋಸೆ’ ಅಂದರೆ ಮಹಡಿಯಲ್ಲಿ ನನಗೆ ಕೇಳ್ತಿತ್ತು. ಅದನ್ನು ನೋಡಲಿಕ್ಕೆ ಯಾರಾದರೂ ಟಿಕೇಟು ತೆಗೆದುಕೊಂಡು ಬಂದರಾ?”

ಇಂಥ ಮಾತಿಗೆಲ್ಲ ಒಳಗಿನಿಂದ ಅತ್ತೆ ಒಂದು ಕೆಮ್ಮು ಕೆಮ್ಮುತ್ತಿದ್ದರು. ಶೀತದ ಕೆಮ್ಮಲ್ಲ ಅದು. ಅತ್ತೆಗೊಂದು ಹಳೆಯ ಆಸೆಯಿತ್ತು. ಮದುವೆಯಾದ ಹೊಸದರಲ್ಲಿ ಮಾವ, ನಿನ್ನನ್ನು ಚಾರ್‌ಮಿನಾರಿನ ಮೇಲೆ ಹತ್ತಿಸಿ ಊರು ತೋರಿಸುತ್ತೇನೆ ಎಂದಿದ್ದರಂತೆ. ಗಂಡಸರು ಇಂಥದ್ದನ್ನು ಹೇಳಿ ಮರೆಯುತ್ತಾರೆ, ಹೆಂಗಸರು ಮರೆಯುವುದಿಲ್ಲ.

ಎಂಬತ್ತರ ದಶಕದಲ್ಲಿ ನನಗೆ ಹೈದರಾಬಾದಿಗೇ ವರ್ಗವಾಯಿತು. ನಮ್ಮೂರಿನಲ್ಲಿ ಓದು ಹತ್ತದವರು ಹೋಟೆಲಿಗೆ, ಹತ್ತಿದವರು ಬ್ಯಾಂಕಿಗೆ ಸೇರುವುದು ವಾಡಿಕೆ. ನಾನು ಬ್ಯಾಂಕಿನವನು. ಬಂದು ಒಂದು ವಾರ ಇರಿ ಎಂದು ನಾನು ಕರೆದದ್ದೇ ತಡ, ಮಾವ ನೆಪ ಹುಡುಕತೊಡಗಿದರು. ಮೊದಲು ರಟ್ಟೆನೋವು, ಆಮೇಲೆ ಸೆಕೆ, ಕೊನೆಗೆ ಕರು ಹಾಕಲಿರುವ ಪಕ್ಕದ ಮನೆಯ ದನ!

ಆಗ ಅತ್ತೆ ಜಗಲಿಗೆ ಬಂದು ನಿಂತರು. “ನೋಡಿ, ಈ ಸಲ ನೀವೇ ನಿಂತು ನನಗೆ ಚಾರ್‌ಮಿನಾರ್ ತೋರಿಸಬೇಕು. ಇಲ್ಲದಿದ್ದರೆ ಇನ್ನು ಮೇಲೆ ಈ ಜಗಲಿಯಲ್ಲಿ ಹೈದರಾಬಾದಿನ ಹೆಸರು ಎತ್ತಬಾರದು. ದಾರಿ ಕೇಳಲಿಕ್ಕೆ ಬಂದವರಿಗೆ ನಾನೇ ಹೇಳ್ತೇನೆ, ಇವರು ಅದನ್ನು ಹತ್ತಿದವರೇ ಅಲ್ಲ ಅಂತ.”

ಮಾವನ ಮುಖ ನೋಡಬೇಕಿತ್ತು! ಹೈದರಾಬಾದನ್ನು ಕಿತ್ತುಕೊಂಡರೆ ಅವರಲ್ಲಿ ಉಳಿಯುವುದು ನೋಯುವ ರಟ್ಟೆಯೊಂದೇ. ಹೊರಟರು.

ಮೊದಲ ದಿನ ಆಯಾಸವೆಂದು ಮಲಗಿದರು. ಎರಡನೆಯ ದಿನ ತಾವೇ ದಾರಿ ತೋರಿಸುವುದಾಗಿ ಹೇಳಿ ಸ್ಟೇಷನಿನಿಂದ ನಮ್ಮ ಮುಂದೆ ನಡೆದರು. ಬ್ರಹ್ಮಾವರದವರ ಹೋಟೆಲ್ ಇರಬೇಕಾದಲ್ಲಿ ಚಪ್ಪಲಿ ಅಂಗಡಿಯಿತ್ತು. ಹಿರಿಯಡ್ಕದವರದ್ದು ಸಿನಿಮಾ ಪೋಸ್ಟರಿನ ಗೋಡೆಯಾಗಿತ್ತು. ಬಿಸಿಲಲ್ಲಿ ಬೆವರಿಳಿಸುತ್ತ ನಿಂತ ಮಾವನನ್ನು, “ದಾರಿ ತಪ್ಪಿತಾ?” ಎಂದು ಅತ್ತೆ ಕೇಳಿದರು.

“ನಮಗೆ ತಪ್ಪಿದ್ದಲ್ಲ. ಊರಿಗೆ ತಪ್ಪಿದ್ದು” ಎಂದರು ಮಾವ.

ಮೂರನೆಯ ದಿನ ನಾನೇ ಆಟೋ ಹಿಡಿದೆ. ರಸ್ತೆಯ ತಿರುವು ಕಳೆದು ಚಾರ್‌ಮಿನಾರ್ ಇಡಿಯಾಗಿ ಎದುರಾದಾಗ ಮಾವ ಇಳಿದು ತಲೆಯೆತ್ತಿ ನೋಡಿದರು. ಬೆರಳು ಮಡಚಿ ಎಣಿಸಿ, “ಹೌದು, ನಾಲ್ಕೂ ಉಂಟು” ಎಂದರು. ಕಟ್ಟಿಸಿದವನು ಲೆಕ್ಕದಲ್ಲಿ ಮೋಸ ಮಾಡಿಲ್ಲವೆಂದು ಅವರಿಗೆ ಸಮಾಧಾನವಾದಂತಿತ್ತು. ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡು ನಕ್ಕೆವು.

ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬಂದೆವು. ಸುತ್ತ ಊರೆಲ್ಲ ಹರಡಿತ್ತು. ಮಸೀದಿ, ಬಳೆಯ ಅಂಗಡಿಗಳ ಸಾಲು, ಗಾಡಿಗಳು, ಜನ. ಅತ್ತೆ ಸೆರಗು ಹಿಡಿದುಕೊಂಡು ಕಣ್ಣು ತುಂಬಾ ನೋಡುತ್ತಿದ್ದರು. ಅವರ ಕೆಮ್ಮು ಎಲ್ಲಿ ಹೋಯಿತೋ! ಮಾವ ಮಾತ್ರ ಯಾವುದನ್ನೂ ನೋಡಲಿಲ್ಲ. ಒಂದೊಂದೇ ಮೂಲೆಗೆ ಹೋಗಿ ಬಗ್ಗಿ ಕೆಳಗೆ ಹುಡುಕುತ್ತಿದ್ದರು. ಇಷ್ಟು ಎತ್ತರ ಹತ್ತಿಯೂ ಹೋಟೆಲ್ ಹುಡುಕುವ ಈ ಮನುಷ್ಯನಿಗೆ ಏನು ಹೇಳುವುದು ಎಂದುಕೊಂಡೆ.

“ಅಗೋ” ಎಂದರು ಮಾವ.

ಹೊಗೆ ಹಿಡಿದ ಒಂದು ಗೋಡೆ, ಅದರಲ್ಲಿ ಒಂದು ಸಣ್ಣ ಕಿಟಕಿ. ಕಿಟಕಿಯಲ್ಲಿ ಒದ್ದೆ ಬನಿಯನ್ನಿನ ನರೆಗೂದಲಿನವನೊಬ್ಬ ಹೆಗಲಿನ ಬೈರಾಸು ಟವೆಲಿನಿಂದ ಕುತ್ತಿಗೆ ಒರಸಿಕೊಳ್ಳುತ್ತ ನಮ್ಮ ಕಡೆ ನೋಡುತ್ತಿದ್ದ. ನಮ್ಮನ್ನಲ್ಲ, ಮಿನಾರನ್ನು.

ಮಾವ ಬಲಗೈ ಎತ್ತಲು ನೋಡಿದರು. ಅದು ಹೆಗಲಿನವರೆಗೆ ಬಂದು ನಿಂತಿತು. ಎಡಗೈಯನ್ನು ಬಲ ಮೊಣಕೈಯ ಕೆಳಗೆ ಕೊಟ್ಟು, ಹಲ್ಲು ಕಚ್ಚಿ, ತಲೆಯ ಮೇಲಕ್ಕೆ ಎತ್ತಿ ಬೀಸಿದರು.

“ಎಂತ ಮಾಡ್ತಿದ್ದೀರಿ? ಯಾರು ಅವನು?” ಎಂದರು ಅತ್ತೆ.

“ಗೊತ್ತಿಲ್ಲ. ನಾನು ಅಲ್ಲಿ ನಿಂತು ದಿನಾ ಇಲ್ಲಿ ಇರುವವರನ್ನು ನೋಡ್ತಿದ್ದೆ. ಇಲ್ಲಿ ಬಂದವರು ಎಲ್ಲ ನೋಡ್ತಾರೆ, ಆ ಕಿಟಕಿ ಒಂದನ್ನು ನೋಡುವುದಿಲ್ಲ. ಅಷ್ಟು ವರ್ಷದಲ್ಲಿ ಒಬ್ಬ ಕೈ ಎತ್ತಿದವನಿಲ್ಲ.”

ಕಿಟಕಿಯವನು ಮೊದಲು ಹಿಂದೆ ತಿರುಗಿ ನೋಡಿದ, ತನ್ನ ಬೆನ್ನಿಗೆ ಬೇರೆ ಯಾರಾದರೂ ಇದ್ದಾರೋ ಎಂದು. ಇಲ್ಲವೆಂದು ಗೊತ್ತಾದ ಮೇಲೆ ಬೈರಾಸನ್ನು ಹೊರಗೆ ಚಾಚಿ ಬೀಸಿದ. ಅತ್ತೆ ಮಾವನ ಮೊಣಕೈ ಕೆಳಗೆ ತಾವೂ ಕೈ ಕೊಟ್ಟು ಹಿಡಿದರು.

ಊರಿಗೆ ಮರಳಿದ ಮೇಲೆ ಜಗಲಿಯ ಭಾಷಣ ಎಂದಿನಂತೆ ನಡೆಯಿತು. ಸಾಂಬಾರು, ಬೆಲ್ಲ, ಬನ್ಸ್, ಎಲ್ಲವೂ ಹಾಗೆಯೇ. ಕೊನೆಯಲ್ಲಿ ಮಾತ್ರ ಒಂದು ಮಾತು ಸೇರಿಕೊಂಡಿತು: “ಚಾರ್‌ಮಿನಾರ್ ಹತ್ತಿದರೆ ಕೆಳಗೆ ಒಂದು ಸಣ್ಣ ಕಿಟಕಿ ಉಂಟು. ಅಲ್ಲಿ ಯಾರಾದರೂ ಇದ್ದರೆ ಒಮ್ಮೆ ಕೈ ಎತ್ತಿ.” ಒಳಗಿನಿಂದ ಕೆಮ್ಮು ಬರುತ್ತಿರಲಿಲ್ಲ.

ನಾನು ರಜೆಯಲ್ಲಿ ಊರಿಗೆ ಬಂದಿದ್ದಾಗ ಹಾಜಿಯವರು ಮತ್ತೊಮ್ಮೆ ಹೈದರಾಬಾದಿಗೆ ಹೋಗಿ ಬಂದಿದ್ದರು. ಸೀರೆಯ ಗಂಟನ್ನು ಜಗಲಿಯಲ್ಲಿ ಇಳಿಸಿ, “ಈ ಸಲ ಬಿರಿಯಾನಿ ತಿಂದೆ ಭಟ್ರೇ” ಎಂದರು. “ಕಿಟಕಿಗೂ ಕೈ ಎತ್ತಿದೆ.”

“ಅವನು?” ಎಂದರು ಮಾವ.

“ನಾನು ಎತ್ತುವ ಮೊದಲೇ ಅವನು ಬೈರಾಸು ಹಿಡಿದು ಕಾಯ್ತಾ ಇದ್ದ.”