ಇಯರ್‌ಫೋನಿನಾಗ ಬೇಸ್ ಹುಡುಕಿದ್ದು

ಇದನ್ನ ಸುಳ್ಳು ಅನ್ನೋ ದಮ್ಮಿದ್ದವರು ಈಗಲೇ ಅನ್ರಿ, ದಾಳಿಂಬ ಊರಿಂದ ಉದಗೀರ ತನಕ ಸಾಕ್ಷಿ ನಿಲ್ಲಿಸ್ತೀನಿ. ಖರೇ ಹೇಳಬೇಕಂದ್ರ, ಸುಳ್ಳಾಗಿದ್ರ ನನಗೇ ಚಲೋ ಇತ್ತು. ಉಳಿದವರಿಗೆ ವರ್ಷಕ್ಕೊಮ್ಮೆ ಫಜೀತಿ ಆಗ್ತದ, ನನಗ ವಾರಕ್ಕೆರಡು. ಯಾಕಂದ್ರ ನಾ ಮೊದಲು ಬಾಯಿ ತೆಗಿತೀನಿ, ವಿಚಾರ ಆಮ್ಯಾಲ ಮಾಡ್ತೀನಿ.

ಉಮರ್ಗಾದಾಗ ಒಬ್ಬ ಸೌಂಡ್ ಮಾಲಕರಿದ್ದಾರ. ಅವರ ಟೆಂಪೋದ ಎಡಕ್ಕೂ ಬಲಕ್ಕೂ ಆಳೆತ್ತರದ ಸ್ಪೀಕರ್ ಡಬ್ಬಾ. ಸುತ್ತಲಿನ ಊರಾಗ ಮದುವಿ ಮೆರವಣಿಗಿ ಅಂದ್ರ ಅವರದೇ ಗಾಡಿ. ಸೌಂಡ್ ಮಿಕ್ಸರ್ ಮುಂದ ಕೂಡ್ರತಿದ್ದಂವ ಪುಣೆಕ್ಕ ಹೋದ, ಕುರ್ಚಿ ಖಾಲಿ ಆತು. ಆ ಕುರ್ಚಿ ನನಗ ಬೇಕಿತ್ತು. ಮಾಲಕರನ್ನ ಕೇಳಿದೆ. ಹದಿನೈದು ದಿನದಾಗ ಒಂದು ರಿಮಿಕ್ಸ್ ಮಾಡ್ಕೊಂಡು ಬಾ, ಮನಸಿಗೆ ಬಂದ್ರ ಸೀಜನ್ ಪೂರಾ ಕುರ್ಚಿ ನಿಂದು ಅಂದ್ರು. ಹೂಂ ಅಂದು ಬರಬೇಕಿತ್ತು. ನಾ ಎದಿ ಉಬ್ಬಿಸಿ, ಡ್ರೈವರ್, ಜನರೇಟರ್‌ದಂವ ಎಲ್ಲರೂ ಕೇಳೂಹಂಗ ಅಂದೆ:

"ಮಾಲಕ್ರ, ಈ ತಾಲೂಕಿನಾಗ ಬೇಸ್ ತಿಳಿಯೋ ಕಿವಿ ಇದ್ರ ನನ್ನವೇ."

ಫೋನ್ ಇತ್ತು, ಅದರಾಗ ಹಾಡು ಮಾಡೋ ಆ್ಯಪ್ ಇತ್ತು. ಇಯರ್‌ಫೋನ್ ಒಂದು ಬೇಕಿತ್ತು. ಸೋವಿ ಇರಬೇಕು, ಧಮ್ ಧಮ್ ಅನ್ನಬೇಕು.

ಎದಿ ಮ್ಯಾಲ ಅಂಗೈ

ನಮ್ಮ ಕಡೆ ಬೇಸ್, ಅಂದ್ರ ಆ ಧಮ್ ಧಮ್, ಅಳೆಯೋ ರೀತಿ ಒಂದದ. ಮೆರವಣಿಗಿ ಗಾಡಿ ಮುಂದ ನಿಂತು ಎದಿ ಮ್ಯಾಲ ಅಂಗೈ ಇಡಬೇಕು. ಎದಿ ನಡುಗಿದ್ರ ಸೌಂಡ್ ಪಾಸು, ಇಲ್ಲಂದ್ರ ನಾಪಾಸು. ಸಣ್ಣವರಿದ್ದಾಗಿಂದ ಹಂಗೇ ಕಲಿತೀವಿ.

ಉಮರ್ಗಾದ ಮೊಬೈಲ್ ಅಂಗಡಿಯಾಗ ನಾ ಅದನ್ನೇ ಮಾಡಿದೆ. ಅಂಗಡಿಯಂವ ತೋರಿಸಲಿಕ್ಕೆ ಇಟ್ಟಿದ್ದ ಇಯರ್‌ಫೋನ್ ಕೊಟ್ಟ. ಕಿವಿಗೆ ತುರುಕಿ, ಹಾಡು ಹಚ್ಚಿ, ಎದಿ ಮ್ಯಾಲ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತೆ. ಎದಿ ನಡುಗಲಿಲ್ಲ. ಎರಡನೇದು ಕೊಟ್ಟ, ನಡುಗಲಿಲ್ಲ. ಐದನೇದರ ತನಕ ಬಂತು. ಒಂದೊಂದಕ್ಕೂ "ಇದರಾಗ ದಮ್ಮಿಲ್ಲ" ಅಂತ ಸಾವಕಾಶ ಹೇಳ್ತಿದ್ದೆ. ಸಾವಕಾಶ ಅಂತ ನನಗ ಅನಿಸಿತ್ತು. ಕಿವಿ ತುಂಬ ಹಾಡು ಇಟ್ಟುಕೊಂಡವಗ ತನ್ನ ದನಿ ಎಷ್ಟು ದೊಡ್ಡದು ಅನ್ನೋದು ಹೆಂಗ ಗೊತ್ತಾಗಬೇಕು.

ಕಣ್ಣು ತೆಗೆದು ನೋಡಿದ್ರ ಬಾಜೂಕಿನ ಚಹಾದ ಅಂಗಡಿ ಮಂದಿ ಕಪ್ಪು ಬಶಿ ಕೈಯಾಗ ಹಿಡ್ಕೊಂಡೇ ಬಾಗಿಲಾಗ ನಿಂತಾರ. ಒಬ್ಬ ಮುದುಕಪ್ಪ ಅಂಗಡಿಯವನ್ನ ಕೇಳಲಿಕ್ಕತ್ತಿದ್ದ, ಈ ಹುಡುಗಗ ಎದಿ ನೋವು ಎಷ್ಟೊತ್ತಿನಿಂದ ಬಂದದ, ಆಟೋ ಕರೀಲೇನು ಅಂತ.

ಅಂಗಡಿಯಂವ ನನ್ನ ಕಿವಿಯಿಂದ ವಾಯರ್ ತಾನೇ ಜಗ್ಗಿ ತೆಗೆದು ಅಂದ: "ಭಾವೂ, ಎದಿ ನಡುಗಬೇಕಂದ್ರ ಟ್ರ್ಯಾಕ್ಟರ್ ಮ್ಯಾಲ ಕೂಡ್ರಿ. ಇದು ಕಿವಿಯಾಗಿಂದು."

ಡಬ್ಬಿ ಮ್ಯಾಲ ಬೇಸ್ ಅಂತ ಎಲ್ಲಕ್ಕಿಂತ ದೊಡ್ಡ ಅಕ್ಷರದಾಗ ಯಾವುದರ ಮ್ಯಾಲ ಬರದಿತ್ತೋ ಅದನ್ನ ತಗೊಂಡು ತಲಿ ತಗ್ಗಿಸಿ ಹೊಂಟೆ.

ಪಂಪಿನ ವಾಶರ್

ಮನಿಗೆ ಬಂದು ಹಚ್ಚಿದ್ರ ಹಾಡಿನಾಗ ಬರೇ ಚಿಸ್ ಚಿಸ್. ಧಮ್ ಎಲ್ಲೂ ಇಲ್ಲ. ಡಬ್ಬಿಯೊಳಗ ಸಣ್ಣ ಚೀಲದಾಗ ಇಯರ್‌ಫೋನಿನ ತುದಿಗೆ ಹಾಕೋ ರಬ್ಬರ್ ಟೋಪಿ ಮತ್ತೆರಡು ಅಳತಿವು ಇದ್ದವು, ಒಂದು ಜೋಡಿ ಸಣ್ಣವು, ಒಂದು ಜೋಡಿ ದೊಡ್ಡವು. ಒಂದು ಕಳೆದ್ರ ಇನ್ನೊಂದಿರಲಿ ಅಂತ ಕಂಪನಿಯವರು ಕೊಟ್ಟಾರ ಅಂದ್ಕೊಂಡೆ. ನಮ್ಮಪ್ಪ ತೊಗರಿಗೆ ಔಷಧ ಹೊಡಿಲಿಕ್ಕೆ ಹೊಂಟಿದ್ದ, ಪಂಪಿನ ನಳಿಗಿ ಸೋರಲಿಕ್ಕತ್ತಿತ್ತು. ದೊಡ್ಡ ಜೋಡಿ ಟೋಪಿ ಕೊಟ್ಟುಬಿಟ್ಟೆ. ಕೊರೆದು ವಾಶರ್ ಹಂಗ ಕೂಡ್ರಿಸಿದ, ಸೋರೋದು ನಿಂತಿತು. ನನ್ನ ಮಗ ಶಾಣ್ಯಾ ಅಂದ. ನಮ್ಮಪ್ಪ ನನ್ನ ಹೊಗಳಿದ್ದು ಅಪರೂಪ, ಅದನ್ನ ಮರುದಿನ ಊರೆಲ್ಲ ಹೇಳಿದೆ.

ಮೂರು ದಿನ ನಾ ಇಯರ್‌ಫೋನಿಗೆ ಬೈಕೋತ ಕೂತೆ. ನಾಲ್ಕನೇ ದಿನ ನಮ್ಮ ವೈನಿ, ಅಂದ್ರ ಅಣ್ಣನ ಹೆಂಡತಿ, ಬ್ಯಾಳಿ ಕುದಿಲಿಕ್ಕಿಟ್ಟು ಬಂದು ನನ್ನ ಕಿವಿ ನೋಡಿದಳು. ಎರಡು ಬೆರಳಿಂದ ಇಯರ್‌ಫೋನ್ ಅಲ್ಲಾಡಿಸಿದಳು. ಗೂಟಕ್ಕ ಸಿಕ್ಕಿಸಿದ ಟೋಪಿ ಹಂಗ ಅದು ಅತ್ಲಾಗ ಇತ್ಲಾಗ ಆತು.

"ಏನ್ರೀ ಮೈದನರೇ, ಕುಕ್ಕರಿನ ರಬ್ಬರ್ ಸಡ್ಲಿದ್ರ ಸೀಟಿ ಹೊಡಿತದೇನು? ಕಿವಿಗಿ ಬಿಗಿ ಕೂಡ್ಲಿಲ್ಲಂದ್ರ ನಿಮ್ಮ ಧಮ್ ಎಲ್ಲಾ ಹೊರಗ ಹೋಗ್ತದ. ದೊಡ್ಡ ಟೋಪಿ ಹಾಕ್ರಿ."

ಬೇಸ್ ವಿಷಯ ಹೆಣ್ಮಕ್ಕಳಿಗೆ ಏನು ಗೊತ್ತು ಅಂತ ದೊಡ್ಡ ಮಾತಾಡಿದೆ. ಆಕಿ ಒಳಗ ಹೋದ ಮ್ಯಾಲ ಕಿವಿಯಾಗಿಂದನ್ನ ಬೆರಳಿಂದ ಬಿಗಿಯಾಗಿ ಒತ್ತಿ ಹಿಡಿದು ನೋಡಿದೆ. ಬಲಗಿವಿಯಾಗ ಧಮ್ ಅಂತು. ಓಡಿ ಹೊಲಕ್ಕ ಹೋದೆ. ದೊಡ್ಡ ಟೋಪಿ ಎರಡೂ ಔಷಧದಾಗ ನೆನೆದು, ವಾಸನಿ ಹೊಡ್ಕೋತ ಪಂಪಿನಾಗ ಕೂತಿದ್ದವು. ಅಪ್ಪ ತೆಗಿಗೊಡಲಿಲ್ಲ. ಬ್ಯಾರೇದವರಿಗೆ ಇಂಥಾ ಐಡಿಯಾ ಹೊಳೆಯೋದಿಲ್ಲ ಅಂತ ಬಾಜೂ ಹೊಲದವರಿಗೆ ತೋರಿಸಲಿಕ್ಕತ್ತಿದ್ದ.

ಉದಗೀರದಾಗ ನಾಲ್ಕು ಜೋಡಿ

ಉಮರ್ಗಾದ ಅಂಗಡಿಗೆ ಹೋಗಲಿಕ್ಕೆ ಮಾರಿ ಇರಲಿಲ್ಲ, ಉದಗೀರಕ್ಕ ಹೋದೆ. ಈ ಸಲ ಶಾಣ್ಯಾ ಆಗಿದ್ದೆ. ಅಲ್ಲಿ ಅಂಗಡಿಯಾಗ ಹೊಸಾ ಜೋಡಿಗೆ ದೊಡ್ಡ ಟೋಪಿ ಹಾಕಿಸಿ, ಬಿಗಿ ನೋಡಿ, ಎದಿ ಮ್ಯಾಲ ಕೈ ಇಡದೇ ಕೇಳಿದೆ. ಬಲಗಿವಿಯಾಗ ನಗಾರಿ ಬಾರಿಸಿದಂಗ. ಎಡಗಿವಿಯಾಗ ಬಾಜೂ ಮನಿಯಾಗ ಯಾರೋ ಕೌದಿ ಝಾಡಿಸಿದಂಗ.

ಎಡಗಡಿದು ಖರಾಬ ಅದ, ಬದಲಿ ಕೊಡ್ರಿ ಅಂದೆ. ಕೊಟ್ಟ. ಅದೂ ಹಂಗೇ. ಮೂರನೇದೂ ಹಂಗೇ. ನಾಲ್ಕನೇದು ಹಾಕೋ ಹೊತ್ತಿಗೆ ಗಿರಾಕಿಗಳು ಸುತ್ತ ನಿಂತಿದ್ದರು. ಅವರಿಗೆಲ್ಲ ತಿಳಿಸಿ ಹೇಳಿದೆ: ಸಾಮಾನ್ಯ ಮಂದಿಗಿ ಇದು ಗೊತ್ತಾಗೋದಿಲ್ಲ, ಕಿವಿ ತಯಾರಿರಬೇಕು, ಇಂಥಾ ಮಾಲು ಮಾರಿ ಹಳ್ಳಿ ಮಂದಿಗಿ ಮೋಸ ಮಾಡ್ತಾರ.

ಅಂಗಡಿಯಂವ ಜಗಳಾಡಲಿಲ್ಲ. ನಾಲ್ಕನೇ ಜೋಡಿ ತಿರುವು ಮುರುವು ಮಾಡಿ, ಎಡಗಡಿದು ನನ್ನ ಬಲಗಿವಿಗೆ, ಬಲಗಡಿದು ಎಡಗಿವಿಗೆ ಹಾಕಿದ. ಈಗ ಹೆಂಗದ ಅಂತ ಕೇಳಿದ. ಬಲಗಿವಿಯಾಗೇ ನಗಾರಿ, ಎಡಗಿವಿಯಾಗೇ ಕೌದಿ.

ಅಂದ್ರ ಖರಾಬ ಆಗಿದ್ದು ಯಾವುದು ಅಂತ ಅಂಗಡಿಯಾಗ ನಿಂತ ಎಲ್ಲರಿಗೂ ತಿಳೀತು. ನನಗೊಬ್ಬನಿಗೇ ತಿಳೀಲಿಲ್ಲ. "ನಾಲ್ಕೂ ಖರಾಬ ಅವ, ಇರ್ಲಿ, ನಾ ಹೊಂದಿಸ್ಕೋತೀನಿ" ಅಂದು ಅದನ್ನೇ ತಗೊಂಡು ಬಂದೆ.

ಬಲಗಡಿ ಡಬ್ಬಾ

ಹೊಂದಿಸಿಕೊಂಡೆ. ಆ್ಯಪಿನಾಗ ಎಡಗಡಿ ಬೇಸ್ ಪೂರಾ ಏರಿಸಿದೆ, ಬಲಗಡಿದು ಅರ್ಧಕ್ಕಿಂತ ಇಳಿಸಿದೆ. ಎರಡೂ ಕಿವಿಯಾಗ ಸರಿಸಮ ಬಂತು. ಇಂಥಾ ರಿಮಿಕ್ಸ್ ಮರಾಠವಾಡಾದಾಗ ಆಗಿಲ್ಲ ಅಂತ ಮಾಲಕರಿಗೆ ಫೋನ್ ಮಾಡಿ ಹೇಳಿದೆ.

ಅವರ ಅಂಗಳದಾಗ ಗಾಡಿ ನಿಲ್ಲಿಸಿ ಹಚ್ಚಿದರು. ಎಡಗಡಿ ಡಬ್ಬಾ ಎಂಥಾ ಹೊಡೆತ ಹೊಡೀತಂದ್ರ, ಆ ಕಡೆ ಗ್ವಾಡಿಗಿ ಒಣ ಹಾಕಿದ್ದ ಕುಳ್ಳು ಪಟಪಟ ಉದುರಿದವು, ಕಟ್ಟಿದ್ದ ಎಮ್ಮಿ ಗೂಟ ಕಿತ್ತುಕೊಂಡು ರಸ್ತೆಕ್ಕ ಹೋತು. ಬಲಗಡಿ ಡಬ್ಬಾ ತಣ್ಣಗ ಕೂತಿತ್ತು. ಅದರ ಮುಂದ ಮಾಲಕರ ತಾಯಿ ಅಕ್ಕಿ ಹಸನ ಮಾಡಲಿಕ್ಕತ್ತಿದ್ದರು, ತಲಿ ಸುದ್ದಾ ಎತ್ತಲಿಲ್ಲ.

ಅಷ್ಟಾದ ಮ್ಯಾಲಾದರೂ ಸುಮ್ಮಿರಬೇಕಿಲ್ಲ? ನಾ ಅಂದೆ, "ಮಾಲಕ್ರ, ನಿಮ್ಮ ಬಲಗಡಿ ಡಬ್ಬಾ ಸತ್ತದ."

ಅವರು ನಂಬಿದ್ರು. ಜನರೇಟರ್‌ದಂವ ಡಬ್ಬಾದ ಹಿಂದಿನ ಹಲಗಿ ಬಿಚ್ಚಿದ, ವಾಯರ್ ಒಂದೊಂದೇ ತೆಗೆದು ನೋಡಿದ, ಬೆವರು ಸುರಿಸಿ ಮತ್ತ ಕೂಡಿಸಿದ. ನಾ ಪಕ್ಕದಾಗ ನಿಂತು ಬುದ್ಧಿ ಹೇಳ್ತಿದ್ದೆ. ಕಡೀಕ ಮಾಲಕರು ತಮ್ಮ ಹಳೇ ಹಾಡೊಂದು ಹಚ್ಚಿದ್ರು. ಎರಡೂ ಡಬ್ಬಾ ಒಂದೇ ಸಮ ಗುಡುಗಿದವು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ರ ಚಲೋ ಇತ್ತು.

ನಿಲಂಗಾದ ಪಿಚಕಾರಿ

ಖರಾಬ ಆಗಿದ್ದು ನನ್ನ ಎಡಗಿವಿ ಅಂತ ಅಂತೂ ತಲಿಗೆ ಹೋತು. ಉಮರ್ಗಾದಾಗ ಕಿವಿ ತೋರಿಸಿದ್ರ ಗುರುತಿನವರು ನೋಡ್ತಾರಂತ ನಿಲಂಗಾಕ್ಕ ಹೋದೆ. ದವಾಖಾನಿ ಬೆಂಚಿನ ಮ್ಯಾಲ ಮೊದಲೇ ಕೂತಿದ್ದಂವ ಯಾರಂದ್ರ ಅದೇ ಜನರೇಟರ್‌ದಂವ. ಅವ್ವನ ಕಿವಿ ತೋರಿಸಲಿಕ್ಕೆ ಬಂದಿದ್ದ.

ಡಾಕ್ಟರ್ ಏನು ಕೆಲಸ ಮಾಡ್ತೀರಿ ಅಂತ ಕೇಳಿದ್ರು. ಬಾಗಿಲು ತೆರೆದಿತ್ತು, ಬೆಂಚಿನವರಿಗೆ ಕೇಳಲಿ ಅಂತ ಗಟ್ಟಿಯಾಗಿ, ಸೌಂಡ್ ಇಂಜಿನಿಯರ್ ಅಂದೆ. ಅವರು ಎಡಗಿವಿಯಾಗ ಬೆಳಕು ಬಿಟ್ಟು ನೋಡಿ, ಬಿಸಿನೀರಿನ ಪಿಚಕಾರಿ ಹೊಡೆದ್ರು. ಮೊದಲು ಹೊಟ್ಟು ಬಂತು. ಆಮ್ಯಾಲ ಕರೀ ಗುಗ್ಗಿ. ಅದರ ಹಿಂದ ಒಂದು ಇಡೀ ಕಾಳು ಟಣ್ ಅಂತ ಸ್ಟೀಲಿನ ತಾಟಿನಾಗ ಬಿತ್ತು. ಸುಗ್ಗ್ಯಾಗ ರಾಶಿ ಮಷಿನ್ ಮುಂದ ನಿಂತು ಬೆಳಿ ಪೆಂಡಿ ಕೊಟ್ಟಿದ್ದೆ, ಆವಾಗ ಹೊಕ್ಕಿರಬೇಕು.

ಡಾಕ್ಟರ್ ಅದನ್ನ ಚಿಮಟಿಗಿಯಿಂದ ಎತ್ತಿ ಬೆಳಕಿಗೆ ಹಿಡಿದ್ರು.

"ಇಂಜಿನಿಯರ್ ಸಾಹೇಬ್ರ, ಇದು ಸೋಯಾಬೀನ್. ಇನ್ನೆರಡು ದಿನ ತಡಾ ಮಾಡಿದ್ರ ಮೊಳಕಿ ಬರ್ತಿತ್ತು."

ಅದೇ ಗಳಿಗ್ಯಾಗ ನನ್ನ ಎಡಗಿವಿ ಪೂರಾ ತೆರೀತು. ಮೊದಲು ಕೇಳಿಸಿದ್ದು ಬೆಂಚಿನ ಕಡೆಯಿಂದ ನಗು. ನನ್ನ ಎಡಕ್ಕ ನಿಂತು ಎಷ್ಟು ಮಂದಿ, ಎಷ್ಟು ದಿನದಿಂದ ಹಿಂಗ ನಗತಿದ್ದರೋ ಅಂತ ಆವಾಗ ನನಗ ಹೊಳೀತು.

ಮಾಕಣಿ ಊರಾಗ ಮದುವಿ ಮೆರವಣಿಗಿ ಇದ್ದ ದಿನ ಇಸ್ತ್ರಿ ಅಂಗಿ ಹಾಕ್ಕೊಂಡು ಮಾಲಕರ ಮುಂದ ನಿಂತೆ. ಕಿವಿ ಈಗ ಚಲೋ ಆಗ್ಯಾದ್ರಿ, ಕುರ್ಚಿ ಕೊಡ್ರಿ ಅಂದೆ. ಅವರು ನನ್ನ ಹೆಗಲ ಮ್ಯಾಲ ಕೈ ಇಟ್ಟು ಅಂದ್ರು, "ಕಿವಿ ಚಲೋ ಆತು ತಮ್ಮಾ. ಬಾಯಿಗೆ ಯಾವ ಡಾಕ್ಟರ್ ಹಂತ್ಯಾಕ ಹೋಗ್ತಿ?" ಕುರ್ಚಿ ಮ್ಯಾಲ ಜನರೇಟರ್‌ದಂವ ಕೂತ.

ನನ್ನ ಕೈಯಾಗ ಕೊಟ್ಟಿದ್ದು ಒಂದು ಉದ್ದನೆ ಬಿದಿರಿನ ಗಳ, ಗಾಡಿ ಮುಂದ ನಡಕೋತ ಓಣಿಯ ಕೇಬಲ್ ವಾಯರ್ ಡಬ್ಬಾಕ್ಕ ತಾಗದಂಗ ಮ್ಯಾಲೆತ್ತಲಿಕ್ಕೆ.